ನರಮೇಧದ ಪಾಠವನ್ನು 1933ರಿಂದ ಶುರು ಮಾಡಿ: ಸಮಾಜ ವಿಜ್ಞಾನ ಶಿಕ್ಷಕರಿಗೆ ಒಂದು ಮಾರ್ಗದರ್ಶಿ

ಹಿಟ್ಲರನ ಪಾಠ ಬರುವ ಹೊತ್ತಿಗೆ ಸಮಾಜ ವಿಜ್ಞಾನ ಕಲಿಸುವ ಗೆಳೆಯರಿಂದ ಪ್ರತಿ ವರ್ಷ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು ಬರುತ್ತವೆ. "ಯೆಹೂದಿಗಳ ಬಗ್ಗೆ ಪುಸ್ತಕದಲ್ಲಿ ನಾಲ್ಕು ಸಾಲು ಇದೆ, ಅಷ್ಟರಲ್ಲಿ ಏನು ಹೇಳೋದು?" "ನಮ್ಮ ಹುಡುಗರಿಗೆ ಹಿಟ್ಲರ್ ಅಂದರೆ ಹೀರೋ, ಏನು ಮಾಡೋದು?" "ಆ ಫೋಟೋಗಳನ್ನು ತೋರಿಸಬಹುದಾ?" ಒಬ್ಬೊಬ್ಬರಿಗೆ ಒಂದೊಂದು ಉತ್ತರ ಕೊಡುವ ಬದಲು ಎಲ್ಲವನ್ನೂ ಇಲ್ಲೇ ಬರೆದಿಡುತ್ತಿದ್ದೇನೆ. ಒಂಬತ್ತು, ಹತ್ತನೇ ತರಗತಿಗೆ ಹೊಂದುವ ಕ್ರಮ ಇದು. ಪಿಯುಸಿಗೂ ಆಗುತ್ತದೆ.

ನಮ್ಮಲ್ಲಿ ಹೆಚ್ಚಿನವರು ಈ ಪಾಠವನ್ನು ಕೊನೆಯಿಂದ ಕಲಿಸುತ್ತೇವೆ. ಬೋರ್ಡ್ ಮೇಲೆ ಕೊಲೆಯಾದ ಯೆಹೂದಿಗಳು "60 ಲಕ್ಷ" ಅಂತ ಬರೆದು, ಗ್ಯಾಸ್ ಚೇಂಬರ್ ಬಗ್ಗೆ ಹೇಳಿ, ಆಮೇಲೆ ಹಿಂದಕ್ಕೆ ಹೋಗುತ್ತೇವೆ. ಆಗ ಮಕ್ಕಳಿಗೆ ಇದೆಲ್ಲ ಒಬ್ಬ ಹುಚ್ಚನ ಕೆಲಸ ಅನ್ನಿಸಿಬಿಡುತ್ತದೆ. ಆದರೆ 1933ರಲ್ಲಿ ಬರ್ಲಿನ್‌ನಲ್ಲಿ ಅಂಗಡಿ ಇಟ್ಟಿದ್ದವನಿಗೆ 1942 ಗೊತ್ತಿರಲಿಲ್ಲ. ಅವನ ಗಿರಾಕಿಗಳಿಗೂ ಗೊತ್ತಿರಲಿಲ್ಲ. ಮಕ್ಕಳು ಅವರ ಜೊತೆಗೇ, ಒಂದೊಂದು ವರ್ಷ, ನಡೆದು ಬರಬೇಕು.

ಏನೇನು ಬೇಕು

ಐದು ಪೀರಿಯಡ್ ಸಿಕ್ಕರೆ ಒಳ್ಳೆಯದು. ಪೋರ್ಷನ್ ಮುಗಿಸುವ ಗಡಿಬಿಡಿಯಲ್ಲಿ ಐದು ಎಲ್ಲಿಂದ ತರೋದು ಅಂತೀರಾ? ಮೂರರಲ್ಲೂ ಮಾಡಬಹುದು, ಆದರೆ ಹಂತ 3ನ್ನು ಮಾತ್ರ ಕತ್ತರಿಸಬೇಡಿ. ಸಾಮಾನು ಅಂತ ಬೇಕಾಗುವುದು ಯುರೋಪಿನ ಒಂದು ಗೋಡೆ ನಕ್ಷೆ, ಒಂದು ದಾರ, ಬಟ್ಟೆ ಕ್ಲಿಪ್ಪುಗಳು, ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಕತ್ತರಿಸಿದ ಚೀಟಿಗಳು. ಪ್ರೊಜೆಕ್ಟರ್ ಬೇಡ. ಇದ್ದರೂ ಮೊದಲ ಮೂರು ದಿನ ಅದನ್ನು ಆಫ್ ಮಾಡಿಡಿ.

ಮೊದಲ ದಿನ ಒಳಗೆ ಹೋದ ತಕ್ಷಣ ಒಂದು ಕೆಲಸ ಮಾಡಿ. ಈ ವಿಷಯದ ಬಗ್ಗೆ ಕೇಳಬೇಕು ಅನ್ನಿಸುವ ಒಂದು ಪ್ರಶ್ನೆಯನ್ನು ಪ್ರತಿ ಮಗುವೂ ಚೀಟಿಯಲ್ಲಿ ಬರೆದು, ಹೆಸರು ಹಾಕಿ ಕೊಡಲಿ. ಎತ್ತಿಡಿ. ಕೊನೆಯಲ್ಲಿ ಬೇಕಾಗುತ್ತದೆ.

ಹಂತ 1: ಪದಗಳನ್ನು ಬಿಡಿಸಿ ಹೇಳಿ

ಹತ್ತು ನಿಮಿಷ ಸಾಕು.

"ಯೆಹೂದಿ ದ್ವೇಷ" ಅನ್ನುವುದು ಹಳೆಯದು. ಮಧ್ಯಯುಗದ ಯುರೋಪಿನಲ್ಲಿ ಅದು ಧರ್ಮದ ದ್ವೇಷ. ಏಸುವನ್ನು ಕೊಂದವರು ಇವರೇ ಎಂಬ ಆಪಾದನೆ, ಪ್ಲೇಗ್ ಬಂದರೆ ಬಾವಿಗೆ ವಿಷ ಹಾಕಿದರು ಎಂಬ ಸುಳ್ಳು. ಮತ ಬದಲಿಸಿದರೆ ಪಾರಾಗುವ ದಾರಿ ಕೆಲವೊಮ್ಮೆ ಇತ್ತು. 19ನೇ ಶತಮಾನದಲ್ಲಿ ಅದಕ್ಕೆ "ಜನಾಂಗ", "ರಕ್ತ" ಎಂಬ ಹೊಸ ಬಟ್ಟೆ ತೊಡಿಸಿದರು. ರಕ್ತವನ್ನು ಬದಲಿಸಲು ಆಗುವುದಿಲ್ಲವಲ್ಲ. ಪಾರಾಗುವ ಆ ದಾರಿಯೂ ಮುಚ್ಚಿತು. ಈ ವ್ಯತ್ಯಾಸ ಮಕ್ಕಳಿಗೆ ಗೊತ್ತಾಗಲೇಬೇಕು.

"ಜೆನೊಸೈಡ್" ಎಂಬ ಪದವನ್ನು ರಫಾಯೆಲ್ ಲೆಮ್ಕಿನ್ ಎಂಬ ಪೋಲೆಂಡಿನ ಯೆಹೂದಿ ವಕೀಲರು ಕಟ್ಟಿದರು. ಅದು ಅಚ್ಚಾದದ್ದು 1944ರಲ್ಲಿ. ಒಂದು ಜನಸಮುದಾಯವನ್ನೇ ಇಲ್ಲವಾಗಿಸುವ ಉದ್ದೇಶದಿಂದ ಮಾಡುವ ನಾಶ ಅಂತ ಅರ್ಥ. 1948ರ ಡಿಸೆಂಬರ್ 9ರಂದು ವಿಶ್ವಸಂಸ್ಥೆ ಅದನ್ನು ಅಪರಾಧ ಎಂದು ಒಪ್ಪಂದದಲ್ಲಿ ಬರೆಯಿತು.

ನಾವು ಕನ್ನಡದಲ್ಲಿ "ನರಮೇಧ" ಅನ್ನುತ್ತೇವೆ. ಸ್ವಲ್ಪ ಯೋಚಿಸಿ: ಮೇಧ ಅಂದರೆ ಯಜ್ಞ, ಅಶ್ವಮೇಧದಲ್ಲಿರುವ ಹಾಗೆ. "ಹಾಲೋಕಾಸ್ಟ್" ಎಂಬ ಗ್ರೀಕ್ ಮೂಲದ ಪದಕ್ಕೂ ಪೂರ್ತಿಯಾಗಿ ಸುಟ್ಟ ಬಲಿ ಎಂದೇ ಅರ್ಥ. ಕೊಲೆಯಾದವರು ಯಾವ ದೇವರಿಗೂ ಬಲಿಯಾಗಿರಲಿಲ್ಲ ಅಂತ ಅನೇಕ ಯೆಹೂದಿಗಳು ಆ ಪದ ಒಪ್ಪುವುದಿಲ್ಲ. ಅವರು "ಷೋಆ" ಅನ್ನುತ್ತಾರೆ. ಹೀಬ್ರೂ ಭಾಷೆಯಲ್ಲಿ ಮಹಾವಿಪತ್ತು ಎಂದರ್ಥ. ನರಮೇಧ ಎಂಬ ಪದ ನಮ್ಮಲ್ಲಿ ಬಳಕೆಯಲ್ಲಿದೆ, ನಾನೂ ಬಳಸುತ್ತೇನೆ, ಆದರೆ ಈ ಮಾತನ್ನು ಹೇಳಿಯೇ ಬಳಸುತ್ತೇನೆ.

ಹಂತ 2: ಸತ್ತವರಾಗಿ ಅಲ್ಲ, ಬದುಕಿದ್ದವರಾಗಿ ಪರಿಚಯಿಸಿ

ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಒಬ್ಬ ಯೆಹೂದಿಯನ್ನೂ ನೋಡಿಲ್ಲ. ಅವರು ಮೊದಲ ಬಾರಿ ಕಾಣುವ ಯೆಹೂದಿ ಪಟ್ಟೆ ಬಟ್ಟೆಯ ಅಸ್ಥಿಪಂಜರವಾಗಿರಬಾರದು. 1933ಕ್ಕೂ ಮುಂಚಿನ ಮದುವೆ ಫೋಟೋ, ಶಾಲೆಯ ಗ್ರೂಪ್ ಫೋಟೋ, ಫುಟ್‌ಬಾಲ್ ತಂಡದ ಫೋಟೋ ತೋರಿಸಿ. ಜೆರುಸಲೇಮಿನ ಯಾದ್ ವಾಷೆಮ್ ಮತ್ತು ವಾಷಿಂಗ್ಟನ್ನಿನ ಹಾಲೋಕಾಸ್ಟ್ ಮ್ಯೂಸಿಯಂ ಜಾಲತಾಣಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಪ್ರಿಂಟ್ ತೆಗೆಸಿಕೊಂಡು ಹೋಗಿ.

ಜೊತೆಗೆ ಮೂರು ಅಂಕಿ. 1933ರಲ್ಲಿ ಜರ್ಮನಿಯ ಯೆಹೂದಿಗಳು ಸುಮಾರು 5 ಲಕ್ಷ, ಅಂದರೆ ಜನಸಂಖ್ಯೆಯ ಶೇ. 1ಕ್ಕಿಂತ ಕಡಿಮೆ. ಮೊದಲ ಮಹಾಯುದ್ಧದಲ್ಲಿ ಸುಮಾರು 1 ಲಕ್ಷ ಯೆಹೂದಿಗಳು ಜರ್ಮನ್ ಸೇನೆಯಲ್ಲಿದ್ದರು, ಸುಮಾರು 12,000 ಜನ ಸತ್ತರು. ಪೋಲೆಂಡಿನಲ್ಲಿ 1939ರ ಹೊತ್ತಿಗೆ 30 ಲಕ್ಷಕ್ಕೂ ಹೆಚ್ಚು ಯೆಹೂದಿಗಳಿದ್ದರು. ಹೆಚ್ಚಿನವರು ದರ್ಜಿಗಳು, ಚಮ್ಮಾರರು, ಸಣ್ಣ ವ್ಯಾಪಾರಿಗಳು, ಬಡವರು.

*ಎಚ್ಚರಿಕೆ:* "ಅವರು ಶ್ರೀಮಂತರಾಗಿದ್ದರು, ಅದಕ್ಕೇ ಜನಕ್ಕೆ ಸಿಟ್ಟು" ಎಂಬ ವಾಕ್ಯ ಎಷ್ಟೋ ಗೈಡುಗಳಲ್ಲಿದೆ. ಅದು ಹಿಟ್ಲರನ ನಾಜಿ ಪಕ್ಷದ ಪ್ರಚಾರದ್ದೇ ವಾಕ್ಯ. ನಾವು ಗೊತ್ತಿಲ್ಲದೆ ಡಿಕ್ಟೇಟ್ ಮಾಡುತ್ತಿರುತ್ತೇವೆ.

ವರ್ಸೇಲ್ಸ್ ಒಪ್ಪಂದ, 1923ರ ಹಣದುಬ್ಬರ, 1929ರ ಆರ್ಥಿಕ ಕುಸಿತ ಇವೆಲ್ಲ ಪಠ್ಯದಲ್ಲಿ ಚೆನ್ನಾಗೇ ಇವೆ. ನೀವು ಸೇರಿಸಬೇಕಾದದ್ದು ಮತಗಳ ಲೆಕ್ಕ. ನಾಜಿ ಪಕ್ಷಕ್ಕೆ 1928ರಲ್ಲಿ ಬಿದ್ದದ್ದು ಶೇ. 2.6. 1932ರ ಜುಲೈಯಲ್ಲಿ ಶೇ. 37. ಅದೇ ನವೆಂಬರ್‌ನಲ್ಲಿ ಶೇ. 33ಕ್ಕೆ ಇಳಿಯಿತು. ಮತ ಇಳಿದ ಮೂರು ತಿಂಗಳೊಳಗೇ, 1933ರ ಜನವರಿ 30ರಂದು, ಹಿಟ್ಲರ್ ಚಾನ್ಸಲರ್ ಆದ. ಅಂದರೆ ಪ್ರಧಾನಿಗೆ ಸಮನಾದ ಹುದ್ದೆ. ಅಲ್ಲಿ ಕೂರಿಸಿದವರು, ಇವನನ್ನು ನಾವು ಹಿಡಿತದಲ್ಲಿಟ್ಟುಕೊಳ್ಳಬಹುದು ಅಂದುಕೊಂಡಿದ್ದ ಹಿರಿಯ ರಾಜಕಾರಣಿಗಳು.

ಹಂತ 3: ಚೀಟಿಗಳನ್ನು ದಾರಕ್ಕೆ ಹಾಕಿ (ಎರಡು ಪೀರಿಯಡ್)

ಇಡೀ ಪಾಠದ ಜೀವ ಇಲ್ಲಿದೆ. ಗೋಡೆಯುದ್ದಕ್ಕೂ ದಾರ ಕಟ್ಟಿ. ಒಂದೊಂದು ಚೀಟಿಯಲ್ಲಿ ಒಂದು ಆದೇಶ ಬರೆದಿಟ್ಟುಕೊಳ್ಳಿ:

1933 ಏಪ್ರಿಲ್ 1: ಯೆಹೂದಿ ಅಂಗಡಿಗಳಿಗೆ ಬಹಿಷ್ಕಾರ. ಒಂದೇ ದಿನ. ಎಷ್ಟೋ ಗಿರಾಕಿಗಳು ಕೇರ್ ಮಾಡದೆ ಒಳಗೆ ಹೋದರು.

1933 ಏಪ್ರಿಲ್ 7: ಸರ್ಕಾರಿ ನೌಕರಿಯಿಂದ ಯೆಹೂದಿಗಳನ್ನು ತೆಗೆಯುವ ಕಾನೂನು. ಯುದ್ಧದಲ್ಲಿ ಹೋರಾಡಿದವರಿಗೆ ಸದ್ಯಕ್ಕೆ ವಿನಾಯಿತಿ.

1933 ಏಪ್ರಿಲ್ 25: ಪ್ರೌಢಶಾಲೆ, ವಿಶ್ವವಿದ್ಯಾಲಯಗಳಿಗೆ ಹೊಸದಾಗಿ ಸೇರುವವರಲ್ಲಿ ಯೆಹೂದಿಗಳಿಗೆ ಶೇ. 1.5ರ ಮಿತಿ.

1935 ಸೆಪ್ಟೆಂಬರ್ 15: ನ್ಯೂರೆಂಬರ್ಗ್ ಕಾನೂನುಗಳು. ಯೆಹೂದಿಗಳು ಇನ್ನು ಪೂರ್ಣ ಪ್ರಜೆಗಳಲ್ಲ. ಯೆಹೂದಿಯೇತರ ಜರ್ಮನ್ನರನ್ನು ಮದುವೆ ಆಗುವಂತಿಲ್ಲ.

1936: ಬರ್ಲಿನ್ ಒಲಿಂಪಿಕ್ಸ್. ವಿದೇಶಿಯರು ಬರುತ್ತಾರೆ ಅಂತ "ಯೆಹೂದಿಗಳಿಗೆ ಪ್ರವೇಶವಿಲ್ಲ" ಬೋರ್ಡುಗಳು ಕೆಲ ದಿನ ಮಾಯ.

1938 ಆಗಸ್ಟ್: "ಯೆಹೂದಿ" ಅಂತ ಗೊತ್ತಾಗದ ಹೆಸರಿದ್ದರೆ ಗಂಡಸರು ಇಸ್ರೇಲ್, ಹೆಂಗಸರು ಸಾರಾ ಅಂತ ಸೇರಿಸಿಕೊಳ್ಳಬೇಕು.

1938 ಅಕ್ಟೋಬರ್: ಪಾಸ್‌ಪೋರ್ಟಿನ ಮೇಲೆ ಕೆಂಪು "ಜೆ" ಅಕ್ಷರ.

1938 ನವೆಂಬರ್: ಯೆಹೂದಿ ಮಕ್ಕಳು ಜರ್ಮನ್ ಸರ್ಕಾರಿ ಶಾಲೆಗಳಿಂದ ಹೊರಗೆ.

1939 ಸೆಪ್ಟೆಂಬರ್: ರೇಡಿಯೊ ಒಪ್ಪಿಸಬೇಕು.

1941 ಸೆಪ್ಟೆಂಬರ್: ಆರು ವರ್ಷ ದಾಟಿದವರೆಲ್ಲ ಬಟ್ಟೆ ಮೇಲೆ ಹಳದಿ ನಕ್ಷತ್ರ ಹೊಲಿದುಕೊಳ್ಳಬೇಕು.

1942: ನಾಯಿ, ಬೆಕ್ಕು ಸಾಕುವಂತಿಲ್ಲ.

ಮಕ್ಕಳು ಒಬ್ಬೊಬ್ಬರಾಗಿ ಬಂದು ಒಂದು ಚೀಟಿ ಓದಿ ದಾರಕ್ಕೆ ಸಿಕ್ಕಿಸಲಿ. ಪ್ರತಿ ಚೀಟಿಗೂ ಒಂದೇ ಪ್ರಶ್ನೆ ಕೇಳಿ: "ಇದು ಜಾರಿಯಾಗಬೇಕಾದರೆ ಯಾರು ಯಾರು ಕೆಲಸ ಮಾಡಬೇಕು?"

ಮೊದಲ ಉತ್ತರ ಯಾವಾಗಲೂ "ಹಿಟ್ಲರ್". ಸರಿ, ಮುಂದೆ? ನಿಧಾನಕ್ಕೆ ಪಟ್ಟಿ ಬೆಳೆಯುತ್ತದೆ. ಶಾಲೆಯಿಂದ ಹೆಸರು ತೆಗೆಯಬೇಕಾದರೆ ಹೆಡ್‌ಮಾಸ್ಟರು ಹಾಜರಿ ಪುಸ್ತಕದಲ್ಲಿ ಗೆರೆ ಎಳೆಯಬೇಕು. ಪಾಸ್‌ಪೋರ್ಟಿಗೆ ಮೊಹರು ಹೊಡೆಯಲು ಗುಮಾಸ್ತ ಬೇಕು. ನ್ಯೂರೆಂಬರ್ಗ್ ಚೀಟಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. "ಯೆಹೂದಿ ಅಂದರೆ ಯಾರು?" ಅಂತ ಸರ್ಕಾರವೇ ನವೆಂಬರ್‌ನಲ್ಲಿ ಮತ್ತೊಂದು ಆದೇಶ ತರಬೇಕಾಯಿತು: ಅಜ್ಜ ಅಜ್ಜಿ ನಾಲ್ವರಲ್ಲಿ ಮೂವರೋ ನಾಲ್ವರೋ ಯೆಹೂದಿಗಳಾಗಿದ್ದರೆ ನೀನು ಯೆಹೂದಿ, ನೀನು ಚರ್ಚಿಗೆ ಹೋಗುತ್ತಿದ್ದರೂ ಸರಿ. ಅಜ್ಜಿ ಯೆಹೂದಿಯೋ ಅಲ್ಲವೋ ಅಂತ ತಿಳಿಯೋದು ಹೇಗೆ? ರಕ್ತ ಪರೀಕ್ಷೆಯಿಂದ ಅಲ್ಲ, ಚರ್ಚಿನ ಹಳೇ ರಿಜಿಸ್ಟರಿನಿಂದ. ರಕ್ತ, ಜನಾಂಗ ಅಂತ ಅಷ್ಟು ಕೂಗಿದವರು ಕೊನೆಗೆ ಹುಡುಕಿದ್ದು ಧರ್ಮದ ದಾಖಲೆಯನ್ನು! ಮಕ್ಕಳು ಇದನ್ನು ಥಟ್ ಅಂತ ಹಿಡಿಯುತ್ತಾರೆ. ಆ ರಿಜಿಸ್ಟರ್ ತೆಗೆದು ನಕಲು ಬರೆದುಕೊಟ್ಟ ಕೈಗಳು ಎಷ್ಟಿರಬಹುದು ಅಂತ ಅವರೇ ಲೆಕ್ಕ ಹಾಕಲಿ.

ಇನ್ನೊಂದು ಪ್ರಶ್ನೆಯೂ ಇದೆ: "ಈ ದಿನ ಯಾರಾದರೂ ಬೇರೆ ರೀತಿ ಮಾಡಬಹುದಿತ್ತಾ?" 1933ರ ಚೀಟಿಗೆ ಮಕ್ಕಳು ಹತ್ತು ದಾರಿ ಹೇಳುತ್ತಾರೆ. 1941ರ ಚೀಟಿಗೆ ಒಂದೋ ಎರಡೋ. ಅದನ್ನು ನೀವು ವಿವರಿಸಬೇಡಿ. ಸುಮ್ನೆ ಇರಿ. ಅವರಿಗೇ ಕಾಣುತ್ತದೆ.

ಈ ಚಟುವಟಿಕೆಗೆ ಬರ್ಲಿನ್‌ನಲ್ಲೇ ಒಂದು ಮಾದರಿ ಇದೆ. ಅಲ್ಲಿನ ಬವೇರಿಯನ್ ಕ್ವಾರ್ಟರ್ ಬಡಾವಣೆಯ ದೀಪದ ಕಂಬಗಳಲ್ಲಿ 1993ರಿಂದ 80 ಫಲಕಗಳಿವೆ. ಒಂದು ಬದಿ ಬ್ರೆಡ್ಡೋ, ಬೆಕ್ಕೋ, ಬೆಂಚೋ ಇರುವ ಮುದ್ದಾದ ಚಿತ್ರ. ಇನ್ನೊಂದು ಬದಿ ಆ ವಸ್ತುವಿಗೆ ಸಂಬಂಧಿಸಿದ ಆದೇಶ.

*ಎಚ್ಚರಿಕೆ:* ದಯವಿಟ್ಟು ನಾಟಕ ಆಡಿಸಬೇಡಿ. ಅರ್ಧ ತರಗತಿಗೆ ಹಳದಿ ನಕ್ಷತ್ರ ಅಂಟಿಸಿ, ಇನ್ನರ್ಧಕ್ಕೆ "ನೀವು ಪೊಲೀಸರು" ಅನ್ನುವುದು ನೋಡಲು ಭಾರಿ ಐಡಿಯಾ ಅನ್ನಿಸುತ್ತದೆ. ನಾನೂ ಒಮ್ಮೆ ಮಾಡಿದ್ದೆ. ಹತ್ತು ನಿಮಿಷದಲ್ಲಿ ಪೊಲೀಸರಾದವರು ಮಜಾ ತೆಗೆದುಕೊಳ್ಳತೊಡಗಿದರು. ನಕ್ಷತ್ರ ಸಿಕ್ಕ ಒಬ್ಬ ಹುಡುಗಿ ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ನಮ್ಮ ತರಗತಿಗಳಲ್ಲಿ ಮೊದಲೇ ಜಾತಿಯ ಗೆರೆಗಳಿವೆ, ಅಲ್ವಾ? ಇನ್ನೊಂದು ಗೆರೆ ಎಳೆದು ಪಾಠ ಮಾಡಬೇಕಿಲ್ಲ.

ಹಂತ 4: "ಯಾಕೆ ಓಡಿಹೋಗಲಿಲ್ಲ?"

ಈ ಪ್ರಶ್ನೆ ಬಂದೇ ಬರುತ್ತದೆ. ಉತ್ತರ: ತುಂಬ ಜನ ಹೋದರು. 1939ರ ಸೆಪ್ಟೆಂಬರ್ ಹೊತ್ತಿಗೆ ಸುಮಾರು 2.8 ಲಕ್ಷ ಯೆಹೂದಿಗಳು ಜರ್ಮನಿ ಬಿಟ್ಟಿದ್ದರು. ಹೋಗಲು ಹಣ ಬೇಕಿತ್ತು, ವೀಸಾ ಬೇಕಿತ್ತು, ಒಳಗೆ ಬಿಡುವ ದೇಶ ಬೇಕಿತ್ತು. 1938ರ ಜುಲೈಯಲ್ಲಿ ಫ್ರಾನ್ಸಿನ ಎವಿಯಾನ್‌ನಲ್ಲಿ 32 ದೇಶಗಳು ಸೇರಿ ನಿರಾಶ್ರಿತರ ಬಗ್ಗೆ ಮಾತಾಡಿದವು. ಹೆಚ್ಚಿನವು ಕನಿಕರ ತೋರಿಸಿ ಬಾಗಿಲು ಹಾಕಿಕೊಂಡವು. 1939ರ ಮೇ ತಿಂಗಳಲ್ಲಿ ಸೇಂಟ್ ಲೂಯಿಸ್ ಎಂಬ ಹಡಗು 937 ಪ್ರಯಾಣಿಕರೊಂದಿಗೆ ಕ್ಯೂಬಾಕ್ಕೆ ಹೊರಟಿತು. ಅಲ್ಲಿ ಇಳಿಯಲು ಬಿಟ್ಟದ್ದು ಬೆರಳೆಣಿಕೆಯ ಜನರನ್ನು. ಅಮೆರಿಕವೂ ಬಿಡಲಿಲ್ಲ. ಹಡಗು ಯುರೋಪಿಗೇ ವಾಪಸಾಯಿತು. ಅದರಲ್ಲಿದ್ದ 254 ಜನ ಮುಂದೆ ಕೊಲೆಯಾದರು.

ಬೆಂಗಳೂರಿನ ಮಕ್ಕಳಿಗೆ ಇಲ್ಲಿ ಎರಡು ಹೆಸರು ಹೇಳಬಹುದು. 1933ರ ಏಪ್ರಿಲ್ ಕಾನೂನಿನಿಂದ ಗ್ಯೋಟಿಂಗೆನ್ ವಿಶ್ವವಿದ್ಯಾಲಯದ ಕೆಲಸ ಕಳೆದುಕೊಂಡವರಲ್ಲಿ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಒಬ್ಬರು. ಸಿ.ವಿ. ರಾಮನ್ ಅವರ ಆಹ್ವಾನದ ಮೇಲೆ 1935-36ರಲ್ಲಿ ಕೆಲ ತಿಂಗಳು ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಇದ್ದರು. ಕಾಯಂ ಹುದ್ದೆ ಸಿಗಲಿಲ್ಲ, ಹೊರಟುಹೋದರು. 1954ರಲ್ಲಿ ಅವರಿಗೆ ನೊಬೆಲ್ ಬಂತು. ಅವರ ಸೋದರಳಿಯ ಆಟೊ ಕ್ಯೋನಿಗ್ಸ್‌ಬರ್ಗರ್ ವಾಸ್ತುಶಿಲ್ಪಿ. ಅವರೂ ಜರ್ಮನಿ ಬಿಟ್ಟು, ಈಜಿಪ್ಟಿನಲ್ಲಿದ್ದು, 1939ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಅದೇ ಇನ್‌ಸ್ಟಿಟ್ಯೂಟಿನ ಕೆಲವು ಕಟ್ಟಡಗಳು ಅವರವೇ. ಚೀಟಿಯ ಮೇಲಿದ್ದ ಕಾನೂನು ಮಲ್ಲೇಶ್ವರದ ಪಕ್ಕದವರೆಗೂ ಬಂದಿತ್ತು ಅಂದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಇದೇ ದಿನ 1938ರ ನವೆಂಬರ್ 9-10ರ ರಾತ್ರಿಯನ್ನೂ ಹೇಳಿ. "ಒಡೆದ ಗಾಜಿನ ರಾತ್ರಿ" ಅಂತ ಹೆಸರಾದದ್ದು. ಸಾವಿರಕ್ಕೂ ಹೆಚ್ಚು ಸಿನಗಾಗ್‌ಗಳಿಗೆ, ಅಂದರೆ ಯೆಹೂದಿ ಪ್ರಾರ್ಥನಾ ಮಂದಿರಗಳಿಗೆ, ಬೆಂಕಿ ಇಟ್ಟರು ಅಥವಾ ಹಾಳುಗೆಡವಿದರು. ಅಗ್ನಿಶಾಮಕದವರು ಬಂದು ಪಕ್ಕದ ಮನೆಗೆ ಬೆಂಕಿ ತಗಲದಂತೆ ನೋಡಿಕೊಂಡರು, ಅಷ್ಟೇ. ಸುಮಾರು 30,000 ಗಂಡಸರನ್ನು ಶಿಬಿರಗಳಿಗೆ ಹಾಕಿದರು. ಆಮೇಲೆ ಯೆಹೂದಿಗಳ ಮೇಲೆಯೇ 100 ಕೋಟಿ ಮಾರ್ಕ್ ದಂಡ!

ಹಂತ 5: ಯುದ್ಧ ಏನನ್ನು ಬದಲಿಸಿತು?

ಈಗ ನಕ್ಷೆ ತೆಗೆಯಿರಿ. ಇಲ್ಲಿಯವರೆಗೆ ಗುರಿ "ಹೊರಗೆ ಹಾಕು". 1939ರ ಸೆಪ್ಟೆಂಬರ್ 1ರಂದು ಪೋಲೆಂಡ್ ಮೇಲೆ ದಾಳಿಯಾದಾಗ ಲಕ್ಷಾಂತರ ಯೆಹೂದಿಗಳು ಒಮ್ಮೆಲೇ ನಾಜಿಗಳ ಕೈಗೆ ಸಿಕ್ಕರು. ಯುದ್ಧದ ನಡುವೆ ಹೊರಗೆ ಹಾಕಲು ಜಾಗವೂ ಇರಲಿಲ್ಲ. ಘೆಟ್ಟೋಗಳು ಬಂದವು. ಘೆಟ್ಟೋ ಅಂದರೆ ಊರಿನ ಒಂದು ಮೂಲೆಗೆ ಯೆಹೂದಿಗಳನ್ನೆಲ್ಲ ತುಂಬಿ ಗೋಡೆಯೋ ಬೇಲಿಯೋ ಹಾಕುವುದು. 1940ರ ನವೆಂಬರ್‌ನಲ್ಲಿ ಮುಚ್ಚಿದ ವಾರ್ಸಾ ಘೆಟ್ಟೋದಲ್ಲಿ ಸುಮಾರು ಮೂರೂವರೆ ಚದರ ಕಿಲೋಮೀಟರಿನೊಳಗೆ 4 ಲಕ್ಷಕ್ಕೂ ಹೆಚ್ಚು ಜನ. ಶಾಲೆಯ ಸುತ್ತ ಅಷ್ಟು ಜಾಗ ಎಲ್ಲಿಂದ ಎಲ್ಲಿಗೆ ಬರುತ್ತದೆ ಅಂತ ಮಕ್ಕಳಿಂದಲೇ ಗುರುತು ಮಾಡಿಸಿ.

ಪಾಠಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಎರಡು ಸಂಗತಿಗಳಿವೆ. ಒಂದು, ಅನಿಲದಿಂದ ಮೊದಲು ಕೊಂದದ್ದು ಅಂಗವಿಕಲರನ್ನು, ಮಾನಸಿಕ ರೋಗಿಗಳನ್ನು. ಟಿ-4 ಎಂಬ ಹೆಸರಿನ ಆ ಯೋಜನೆಯಲ್ಲಿ 1941ರ ಆಗಸ್ಟ್ ಹೊತ್ತಿಗೆ ಸುಮಾರು 70,000 ಜನ ಸತ್ತರು. ಆ ತಿಂಗಳು ಬಿಷಪ್ ಫಾನ್ ಗಾಲೆನ್ ಚರ್ಚಿನಲ್ಲೇ ಬಹಿರಂಗವಾಗಿ ಖಂಡಿಸಿದರು. ಜನರ ಗೊಣಗಾಟವೂ ಜಾಸ್ತಿಯಾಗಿತ್ತು. ಹಿಟ್ಲರ್ ಆ ಅನಿಲ ಕೇಂದ್ರಗಳನ್ನು ನಿಲ್ಲಿಸಬೇಕಾಯಿತು. ಕೊಲೆ ಗುಟ್ಟಾಗಿ ಮುಂದುವರಿಯಿತು, ಅದು ನಿಜ. ಆದರೂ ಜನರ ಮಾತಿಗೆ ಆ ಸರ್ಕಾರ ಅಂಜುತ್ತಿತ್ತು ಅನ್ನುವುದಕ್ಕೆ ಇದು ಸಾಕ್ಷಿ. ಯೆಹೂದಿಗಳ ಪರವಾಗಿ ಅಂಥ ದನಿ ಏಳಲಿಲ್ಲ. ದಾರದ ಮೇಲೆ ಈ ಚೀಟಿಯನ್ನು ಬೇರೆ ಬಣ್ಣದಲ್ಲಿ ಹಾಕಿ.

ಎರಡು, ಯೆಹೂದಿಗಳ ಸಾಮೂಹಿಕ ಕೊಲೆ ಶುರುವಾದದ್ದು ಶಿಬಿರಗಳಲ್ಲಿ ಅಲ್ಲ. 1941ರ ಜೂನ್ 22ರಂದು ಸೋವಿಯತ್ ಒಕ್ಕೂಟದ ಮೇಲೆ ದಾಳಿಯಾಯಿತು. ಸೈನ್ಯದ ಹಿಂದೆಯೇ ಐನ್‌ಸಾಟ್ಸ್‌ಗ್ರುಪ್ಪೆನ್ ಎಂಬ ಗುಂಡಿಕ್ಕುವ ತಂಡಗಳು ಹೋದವು. ಕೀವ್ ನಗರದ ಬಾಬಿ ಯಾರ್ ಕಣಿವೆಯಲ್ಲಿ ಸೆಪ್ಟೆಂಬರ್ 29-30ರಂದು, ಎರಡೇ ದಿನದಲ್ಲಿ, ಕೊಂದವರೇ ಬರೆದಿಟ್ಟ ಲೆಕ್ಕದ ಪ್ರಕಾರ 33,771 ಜನ. ಇಷ್ಟು ಹೇಳಿ ಮುಂದೆ ಹೋಗಿ. ವರ್ಣನೆ ಬೇಡ.

ಹಂತ 6: 1942 ಮತ್ತು ಕೊಲೆ ಕೇಂದ್ರಗಳು

ಅರ್ಧ ಪೀರಿಯಡ್ಡಿಗಿಂತ ಜಾಸ್ತಿ ತೆಗೆದುಕೊಳ್ಳಬೇಡಿ. ಎರಡು ಗೊಂದಲ ಬಿಡಿಸಿದರೆ ಸಾಕು.

1942ರ ಜನವರಿ 20ರಂದು ಬರ್ಲಿನ್ ಬಳಿಯ ವಾನ್‌ಸೇ ಬಂಗಲೆಯಲ್ಲಿ 15 ಅಧಿಕಾರಿಗಳು ಸೇರಿದರು. "ಕೊಲ್ಲುವ ತೀರ್ಮಾನ ಅಲ್ಲಾಯಿತು" ಅಂತ ನೋಟ್ಸಿನಲ್ಲಿ ಬರೆಸಬೇಡಿ. ಆಗಲೇ ಲಕ್ಷಗಟ್ಟಲೆ ಜನ ಸತ್ತಿದ್ದರು. ಪೋಲೆಂಡಿನ ಖೆಲ್ಮ್‌ನೊ ಕೇಂದ್ರ ಡಿಸೆಂಬರ್‌ನಲ್ಲೇ ಶುರುವಾಗಿತ್ತು. ವಾನ್‌ಸೇಯಲ್ಲಿ ನಡೆದದ್ದು ಇಲಾಖೆಗಳ ಹೊಂದಾಣಿಕೆ ಸಭೆ. ಹದಿನೈದರಲ್ಲಿ ಎಂಟು ಮಂದಿ ಡಾಕ್ಟರೇಟ್ ಪಡೆದವರು. "ಓದಿದವರು ಹೀಗೆ ಮಾಡ್ತಾರಾ ಸಾರ್?" ಅಂತ ಕೇಳುವ ಮಗುವಿಗೆ ಇದನ್ನು ತಪ್ಪದೆ ಹೇಳಿ.

ಇನ್ನೊಂದು, ಎಲ್ಲ ಶಿಬಿರಗಳೂ ಒಂದೇ ಅಲ್ಲ. 1933ರ ಮಾರ್ಚ್‌ನಲ್ಲಿ ತೆರೆದ ಡಾಕೌ ಸೆರೆ ಶಿಬಿರ. ಮೊದಲು ಅಲ್ಲಿದ್ದವರು ರಾಜಕೀಯ ವಿರೋಧಿಗಳು. ಬೆಲ್ಝೆಟ್ಸ್, ಸೊಬಿಬೋರ್, ಟ್ರೆಬ್ಲಿಂಕಾ ಕೊಲೆ ಕೇಂದ್ರಗಳು, ರೈಲು ಇಳಿದವರಲ್ಲಿ ಹೆಚ್ಚಿನವರು ಕೆಲವೇ ಗಂಟೆಗಳಲ್ಲಿ ಸಾಯುತ್ತಿದ್ದರು. ಆಶ್‌ವಿಟ್ಸ್ ಎರಡೂ ಆಗಿತ್ತು. ಅಲ್ಲಿ ಸತ್ತವರು ಸುಮಾರು 11 ಲಕ್ಷ, ಅವರಲ್ಲಿ 10 ಲಕ್ಷದಷ್ಟು ಯೆಹೂದಿಗಳು.

ಒಂದೇ ಒಂದು ವಿವರ ಕೊಡುವುದಾದರೆ ರೈಲಿನದ್ದು ಕೊಡಿ. ಜರ್ಮನ್ ರೈಲ್ವೆ ಈ ಸಾಗಣೆಗೆ ಮೂರನೇ ದರ್ಜೆಯ, ಒಂದು ಕಡೆಯ ಟಿಕೆಟ್ ಲೆಕ್ಕ ಹಾಕುತ್ತಿತ್ತು. ಹತ್ತು ವರ್ಷದೊಳಗಿನವರಿಗೆ ಅರ್ಧ ಟಿಕೆಟ್. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಉಚಿತ. ಯಾವ ಹೆಣದ ಫೋಟೋವೂ ಮಾಡದ ಕೆಲಸವನ್ನು ಈ ಟಿಕೆಟ್ ಲೆಕ್ಕ ಮಾಡುತ್ತದೆ. ಬೆತ್ತಲೆ ಶವಗಳ ಫೋಟೋ ತೋರಿಸಬೇಡಿ. ಆ ಜನ ಹಾಗೆ ನೋಡಿಸಿಕೊಳ್ಳಲು ಒಪ್ಪಿರಲಿಲ್ಲ.

ಹಂತ 7: ಎದುರಿಸಿದವರು

ಸುಮ್ಮನೆ ಸತ್ತರು ಅನ್ನುವ ಭಾವನೆ ಉಳಿಯಬಾರದು. 1943ರ ಏಪ್ರಿಲ್ 19ರಂದು ವಾರ್ಸಾ ಘೆಟ್ಟೋದಲ್ಲಿ ದಂಗೆ ಎದ್ದರು. ಅಕ್ಟೋಬರ್‌ನಲ್ಲಿ ಸೊಬಿಬೋರ್ ಕೈದಿಗಳು ಎದ್ದರು. ಅದೇ ತಿಂಗಳು ಡೆನ್ಮಾರ್ಕಿನ ಜನ 7,000ಕ್ಕೂ ಹೆಚ್ಚು ಯೆಹೂದಿಗಳನ್ನು ದೋಣಿಗಳಲ್ಲಿ ಸ್ವೀಡನ್ನಿಗೆ ದಾಟಿಸಿದರು. ವಾರ್ಸಾದಲ್ಲಿ ಇತಿಹಾಸಕಾರ ಎಮಾನ್ಯುಯೆಲ್ ರಿಂಗೆಲ್‌ಬ್ಲೂಮ್ ಮತ್ತವರ ಗೆಳೆಯರು ಘೆಟ್ಟೋದ ಡೈರಿ, ಪತ್ರ, ಜಾಹೀರಾತುಗಳನ್ನೆಲ್ಲ ಕೂಡಿಸಿ ಡಬ್ಬಿ, ಹಾಲಿನ ಕ್ಯಾನುಗಳಲ್ಲಿ ಹೂತಿಟ್ಟರು. 1946ರಲ್ಲಿ ಒಂದು ಭಾಗ, 1950ರಲ್ಲಿ ಇನ್ನೊಂದು ಭಾಗ ಸಿಕ್ಕಿತು. ಇತಿಹಾಸದ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ಕಥೆ ಬೇಕಾ?

ಆದರೆ ಕಾಪಾಡಿದವರ ಕಥೆಯಿಂದ ಪಾಠ ಮುಗಿಸಬೇಡಿ. ಅಂಥವರು ತೀರಾ ಕಡಿಮೆ.

ಹಂತ 8: ಬಂದೇ ಬರುವ ಮೂರು ಪ್ರಶ್ನೆ

*"ಹಿಟ್ಲರ್ ಶಿಸ್ತಿನ ಮನುಷ್ಯ, ದೇಶ ಉದ್ಧಾರ ಮಾಡಿದ ಅಲ್ವಾ ಸಾರ್?"* ಗದರಿಸಬೇಡಿ. ಫುಟ್‌ಪಾತಿನಲ್ಲಿ ಅವನ ಆತ್ಮಕಥೆ ವ್ಯಕ್ತಿತ್ವ ವಿಕಸನದ ಪುಸ್ತಕಗಳ ಪಕ್ಕ ಮಾರಾಟಕ್ಕಿರುವಾಗ ಹುಡುಗರು ಬೇರೇನು ಅಂದುಕೊಂಡಾರು? 1945ರ ಬರ್ಲಿನ್, ಡ್ರೆಸ್ಡೆನ್ ನಗರಗಳ ಫೋಟೋ ತೋರಿಸಿ. ಅವನು ಬಿಟ್ಟುಹೋದ ದೇಶ ಅದು.

*"ಸ್ವಸ್ತಿಕ ನಮ್ಮದಲ್ವಾ?"* ಹೌದು, ನಮ್ಮದು ಬಹಳ ಹಳೆಯದು. ನಾಜಿ ಪಕ್ಷ ತನ್ನ ಧ್ವಜಕ್ಕೆ ಆ ಆಕಾರ ತೆಗೆದುಕೊಂಡದ್ದು 1920ರಲ್ಲಿ. ಅವರು ಅದನ್ನು ಕರೆದದ್ದು ಕೊಕ್ಕೆ ಶಿಲುಬೆ ಅಂತ. ಮನೆ ಬಾಗಿಲಿನ ರಂಗೋಲಿಗೆ ನಾಚಬೇಕಿಲ್ಲ, ಯುರೋಪಿನಲ್ಲಿ ಅದನ್ನು ಕಂಡು ಬೆಚ್ಚುವವರನ್ನು ಹಂಗಿಸಬೇಕಾಗಿಯೂ ಇಲ್ಲ.

*"ನೇತಾಜಿ ಹಿಟ್ಲರನನ್ನು ಭೇಟಿ ಮಾಡಿದ್ದರಲ್ಲ?"* 1942ರ ಮೇ ತಿಂಗಳಲ್ಲಿ ಮಾಡಿದ್ದರು. ಬ್ರಿಟಿಷರನ್ನು ಓಡಿಸಲು ಅವರಿಗೆ ನೆರವು ಬೇಕಿತ್ತು. ಅದೇ ಯುದ್ಧದಲ್ಲಿ ಸುಮಾರು 25 ಲಕ್ಷ ಭಾರತೀಯರು ಮಿತ್ರಪಕ್ಷಗಳ ಸೇನೆಯಲ್ಲಿದ್ದರು. ಎರಡನ್ನೂ ಹೇಳಿ. ನೇತಾಜಿಯ ಮೇಲಿನ ಗೌರವಕ್ಕಾಗಿ ಹಿಟ್ಲರನನ್ನು ತೊಳೆಯುವ ಅಗತ್ಯವಿಲ್ಲ.

ಇವತ್ತಿನ ಇಸ್ರೇಲ್, ಗಾಜಾ ಬಗ್ಗೆಯೂ ಯಾರಾದರೂ ಕೇಳುತ್ತಾರೆ. ಅದು ಕೇಳಬೇಕಾದ ಪ್ರಶ್ನೆಯೇ. ಪ್ರತ್ಯೇಕ ಪೀರಿಯಡ್ ಇಟ್ಟುಕೊಳ್ಳಿ. ಈ ಪಾಠದ ಕೊನೆಯ ಐದು ನಿಮಿಷಕ್ಕೆ ತುರುಕಿದರೆ ಎರಡಕ್ಕೂ ನ್ಯಾಯ ಸಿಗುವುದಿಲ್ಲ.

ಮೌಲ್ಯಮಾಪನ

ಇಸವಿ ಬಾಯಿಪಾಠದ ಪ್ರಶ್ನೆ ಬೇಡ. ಮೊದಲ ದಿನದ ಚೀಟಿಗಳನ್ನು ಅವರವರಿಗೆ ವಾಪಸ್ ಕೊಡಿ. ತಮ್ಮ ಪ್ರಶ್ನೆಗೆ ತಾವೇ ಒಂದು ಪುಟ ಉತ್ತರ ಬರೆಯಲಿ, ದಾರದ ಮೇಲಿರುವ ಕನಿಷ್ಠ ಮೂರು ಚೀಟಿಗಳನ್ನು ಬಳಸಿ. ಪ್ರಶ್ನೆಯೇ ತಪ್ಪಾಗಿತ್ತು ಅನ್ನಿಸಿದರೆ ಯಾಕೆ ಅಂತ ಬರೆದರೂ ಪೂರ್ತಿ ಅಂಕ. ಹತ್ತು ಅಂಕದ ರೂಪಣಾತ್ಮಕ ಚಟುವಟಿಕೆಯಾಗಿ ದಾಖಲಿಸಿಕೊಳ್ಳಬಹುದು. ದಾರವನ್ನು ಮಾತ್ರ ಒಂದು ವಾರ ಬಿಚ್ಚಬೇಡಿ. ಬಿಡುವಿನಲ್ಲಿ ಬಂದು ಓದುವವರು ಇರುತ್ತಾರೆ.